ಸಮುದ್ರಕ್ಕೆ ಹೊರಟ ಅತ್ತೆ, ಒಲ್ಲೆನೆಂದ ಎಮ್ಮೆ

ನಮ್ಮ ಮನೆಯಲ್ಲಿ ಒಂದು ಕೆಲಸ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದನ್ನು, ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸುವುದಕ್ಕೂ ನಾಲ್ಕು ಜನ ಸೇರಿ ಐದು ಅಭಿಪ್ರಾಯ ಹೇಳುತ್ತಾರೆ. ಅಂಥವರು ಸಮುದ್ರದ ದಂಡೆಯ ರೆಸಾರ್ಟಿಗೆ ಹೊರಟರೆ ಏನೇನು ಆಗಬೇಕೋ ಅಷ್ಟೂ ಆಯಿತು.

ನಾವಿರುವುದು ಹುಮನಾಬಾದಿನಲ್ಲಿ. ನಾನು ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ನಮ್ಮ ಮನೆಯವರು, ಒಂಬತ್ತನೇ ತರಗತಿಯ ಮಗಳು, ಅತ್ತೆ, ಮಾವ. ಹಿತ್ತಲಲ್ಲಿ ಒಂದು ಎಮ್ಮೆ.

ಸಮುದ್ರದ ಮಾತು ಎದ್ದದ್ದು ಅತ್ತೆಯಿಂದಲೇ. ಮೊಮ್ಮಗಳ ಮೊಬೈಲಿನಲ್ಲಿ ಅಲೆಗಳ ವಿಡಿಯೊ ನೋಡಿ, "ಇದು ದಿನಾ ಹಿಂಗ ಬಂದು ಬಂದು ಹೋಗ್ತದೇನವ್ವ? ಬ್ಯಾಸರಾ ಆಗಲ್ಲೇನು ಅದಕ್ಕ?" ಎಂದು ಕೇಳಿದರು. ಅರವತ್ತೆಂಟು ವರ್ಷದ ಹೆಂಗಸು, ಸಮುದ್ರ ಕಂಡಿಲ್ಲ. ಆ ವಿಡಿಯೊವನ್ನು ಏಳು ಸಲ ಹಾಕಿಸಿಕೊಂಡು ನೋಡಿದರು. ಈ ಸಲ ದಸರಾ ರಜೆಯಲ್ಲಿ ಏನೇ ಆಗಲಿ, ಅತ್ತೆಗೆ ಸಮುದ್ರ ತೋರಿಸಿಯೇ ತೀರುತ್ತೇನೆ ಎಂದು ಅಲ್ಲೇ ಸಾರಿದೆ.

"ನಾ ಎಲ್ಲಿ ಬರ್ಲಿ? ಎಮ್ಮಿ ಅದಲ್ಲ," ಎಂದರು ಅತ್ತೆ.

ನಾವೆಲ್ಲ ನಕ್ಕೆವು. ನಗಬಾರದಿತ್ತು.

೧. ಕಟ್ಟಿ ಮುಗಿಯದ ಮನೆ

ರೆಸಾರ್ಟ್ ಹುಡುಕಿದವಳು ಮಗಳು. ದೂರದ ಯಾವುದೋ ದ್ವೀಪದ ಹಳ್ಳಿಯ ಹಾಗೆ ಅದನ್ನು ಕಟ್ಟಿದ್ದರು. ತೆಂಗಿನ ಗರಿಯ ಗುಡಿಸಲುಗಳು, ಮಣ್ಣಿನ ಗೋಡೆ, ಬಿದಿರಿನ ಬಾಗಿಲು, ಮರದಿಂದ ಮರಕ್ಕೆ ಕಟ್ಟಿದ ಜೋಲಿ. ಕೆಲಸದವರೆಲ್ಲ ಎಲೆಯ ಉಡುಗೆ ತೊಟ್ಟಿರುತ್ತಾರೆ. ಮಗಳು ಒಂದೊಂದೇ ಫೋಟೊ ತೋರಿಸುತ್ತ ಹೋದಂತೆ ಮಾವನ ಮುಖ ಗಂಟಾಗುತ್ತ ಹೋಯಿತು.

"ನಮ್ಮಪ್ಪ ಗುಡಿಸಲದಾಗ ಹುಟ್ಟಿದ. ನಾ ತಗಡಿನ ಪತ್ರಾಸಿನ ಮನ್ಯಾಗ ಹುಟ್ಟಿದೆ. ಜಲ್ಮ ಸವೆಸಿ ಈ ಸ್ಲ್ಯಾಬ್ ಹಾಕೀನಿ. ಈಗ ನೀವು ನನ್ನ ಹೊಳ್ಳಿ ಗುಡಿಸಲಕ್ಕ ಒಯ್ಯಾಕತ್ತೀರೇನು?" ಎಂದರು.

ಮಗಳು ಬಿಡಲಿಲ್ಲ. ರೆಸಾರ್ಟಿಗೇ ಫೋನ್ ಹಚ್ಚಿ, "ತಾತಾ, ನೀನೇ ಕೇಳು," ಎಂದು ಕೈಗೆ ಕೊಟ್ಟಳು. ಆ ಕಡೆ ಒಬ್ಬ ಹುಡುಗಿ ಬಲು ನಯವಾಗಿ ಎಲ್ಲವನ್ನೂ ವಿವರಿಸಿದಳು. ಗೋಡೆಗೆ ಬಣ್ಣ ಹಚ್ಚಿಲ್ಲ ಸರ್, ಮಣ್ಣು ಹಾಗೇ ಕಾಣುತ್ತದೆ. ನೆಲಕ್ಕೆ ಟೈಲ್ಸ್ ಇಲ್ಲ. ಸ್ನಾನದ ಮನೆಗೆ ಮೇಲೆ ಚಾವಣಿಯೇ ಇಲ್ಲ, ಆಕಾಶ ನೋಡುತ್ತ ಸ್ನಾನ ಮಾಡಬಹುದು.

ಮಾವ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಕೊನೆಗೆ ಅಷ್ಟೇ ನಯವಾಗಿ, "ಅವಸರ ಇಲ್ಲವ್ವ. ಪೂರಾ ಕಟ್ಟಿ ಮುಗಿದ ಮ್ಯಾಲ ಹೇಳ್ರಿ, ಬರ್ತೀವಿ," ಎಂದು ಫೋನ್ ಇಟ್ಟರು.

೨. ಬಸ್ಸಿನ ಅಜ್ಜಿ

ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವ ಸಂಜೆಯ ಬಸ್ಸಿನಲ್ಲಿ ಗುಟ್ಟು ಎಂಬುದು ಒಂದು ಸ್ಟಾಪಿಗಿಂತ ಹೆಚ್ಚು ಬಾಳುವುದಿಲ್ಲ. ಜೊತೆಯ ಟೀಚರಿಗೆ ನಾನು ಮೆಲ್ಲಗೆ, ನಾಲ್ಕು ದಿನ ಊರಿಗೆ ಹೊರಟಿದ್ದೇನೆ ಎಂದೆ. ಮುಂದಿನ ಸೀಟಿನ ಅಜ್ಜಿ ಪೂರ್ತಿ ಹಿಂದಕ್ಕೆ ತಿರುಗಿ ಕೂತರು. ಘಾಟಬೋರಾಳದವರು, ವಾರಕ್ಕೊಮ್ಮೆ ಮಗಳ ಮನೆಗೆ ಹೋಗಿ ಬರುವವರು.

"ಯಾ ದೇವ್ರಿಗಿ ಹೊಂಟೀರವ್ವ?"

"ದೇವ್ರಿಗಲ್ಲ ಅಜ್ಜಿ."

"ಹಂಗಾದ್ರ ಲಗ್ನಾ?"

"ಲಗ್ನನೂ ಇಲ್ಲ."

ಅಜ್ಜಿ ದನಿ ತಗ್ಗಿಸಿದರು. "ಮತ್ತ ದವಾಖಾನಿಗೇನು?"

"ಅಯ್ಯ ಇಲ್ಲಜ್ಜಿ, ಎಲ್ಲಾರೂ ಆರಾಮ ಅದೀವಿ. ಸುಮ್ಮ ಹೊಂಟೀವಿ. ಮನೀ ಮಂದೀ ಎಲ್ಲಾ ಹೋಗಿ ನಾಕು ದಿನ ಇದ್ದು ಬರೋದು."

ದೇವರಲ್ಲ, ಲಗ್ನವಲ್ಲ, ದವಾಖಾನೆಯೂ ಅಲ್ಲ. ಇದರಾಚೆ ಊರು ಬಿಡುವುದಕ್ಕೆ ನಾಲ್ಕನೇ ಕಾರಣವೊಂದು ಇರಬಹುದೆಂದು ಅಜ್ಜಿಗೆ ಗೊತ್ತಿರಲಿಲ್ಲ. ನನ್ನ ಮುಖವನ್ನೇ ನೋಡಿದರು. ಕೈ ಹಿಡಿದುಕೊಂಡರು. "ಮನ್ಯಾಗ ಏನರ ಜಗಳಾ ಆಗ್ಯಾದೇನವ್ವ? ನನ್ನ ಮುಂದ ಹೇಳು," ಎಂದರು. ನಾನು ನಕ್ಕಷ್ಟೂ ಅವರಿಗೆ ಕನಿಕರ ಹೆಚ್ಚಾಯಿತು. ನಗು ತರಿಸಿಕೊಂಡು ದುಃಖ ನುಂಗುತ್ತಿದ್ದಾಳೆ ಪಾಪ ಎಂದುಕೊಂಡರೋ ಏನೋ.

ಮರುದಿನ ಬಸ್ಸು ಕಿಕ್ಕಿರಿದಿತ್ತು. ಆದರೆ ಕಂಡಕ್ಟರು ಯಾರನ್ನೋ ಎಬ್ಬಿಸಿ ನನಗೆ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟ. "ಕೂಡ್ರಿ ಮೇಡಂ. ಎಲ್ಲಾ ಸರಿ ಆಗ್ತದ್ರಿ," ಎಂದ. ಒಂದು ತಿಂಗಳು ನಾನು ಬಸ್ಸಿನಲ್ಲಿ ನಿಂತುಕೊಂಡು ಬರಲಿಲ್ಲ.

೩. ಹೂವಿನ ಅಂಗಿ

ಅಲ್ಲಿಗೆ ಬಂದ ಎರಡನೇ ದಿನ ಸಂಜೆ ಎಲ್ಲರೂ ಹೂವಿನ ಚಿತ್ರದ ಬಟ್ಟೆ ಹಾಕಿಕೊಂಡು ಊಟಕ್ಕೆ ಬರಬೇಕೆಂದು, ಮಗಳು ಹಟ ಹಿಡಿದು ಕಾಯ್ದಿರಿಸಿದ್ದ ರೆಸಾರ್ಟಿನಿಂದ ಸಂದೇಶ ಬಂತು. ನಮ್ಮ ಮನೆಯವರು ಹುಟ್ಟಿದಾಗಿನಿಂದ ಬಿಳಿ ಅಂಗಿ, ತಪ್ಪಿದರೆ ತಿಳಿನೀಲಿ. ಆದರೆ ನಿಯಮ ಎಂದರೆ ಅವರಿಗೆ ನಿಯಮವೇ. ಬಸವಕಲ್ಯಾಣದ ಬಟ್ಟೆ ಅಂಗಡಿಗೆ ಹೋದರು. ನಮ್ಮ ಕಡೆಯ ಗಂಡಸರು ಬಟ್ಟೆ ಕೊಳ್ಳುವ ಕ್ರಮ ನಿಮಗೆ ಗೊತ್ತಿರಬಹುದು. ಆರಿಸುವ ಕಷ್ಟ ಒಂದೇ ಸಲ ಪಡಬೇಕು, ಒಂದೇ ಥಾನಿನಲ್ಲಿ ಮನೆ ಮಂದಿಗೆಲ್ಲ ಕತ್ತರಿಸಿಬಿಡಬೇಕು. ಕೆಂಪು ದಾಸವಾಳ, ಹಸಿರು ಎಲೆ, ನಡುನಡುವೆ ಹಳದಿ ಗಿಳಿ. ಅಪ್ಪನಿಗೆ ಅಂಗಿ, ತಮಗೆ ಅಂಗಿ, ಮಗಳಿಗೆ ಕುರ್ತಾ, ಅತ್ತೆಗೂ ನನಗೂ ಕುಪ್ಪಸ. ಉಳಿದದ್ದರಲ್ಲಿ ಎರಡು ದಿಂಬಿನ ಚೀಲ.

ದರ್ಜಿ ಎಲ್ಲದರ ಅಳತೆ ಬರೆದುಕೊಂಡ. ಬಟ್ಟೆ ನೋಡಿದ, ಇವರನ್ನು ನೋಡಿದ. ಬಹಳ ಗೌರವದಿಂದ ಕೇಳಿದ: "ಯಾ ಬ್ಯಾಂಡ್ ಕಂಪನಿ ಸಾಬ್ ನಿಮ್ದು? ಮುಂದಿನ ತಿಂಗಳ ನನ್ನ ಮಗಳ ಶಾದಿ ಅದಾ. ತಾರೀಕು ಖಾಲಿ ಅದಾವೇನ್ರಿ?"

೪. ಎಮ್ಮೆಯ ತೀರ್ಮಾನ

ಹೊರಡಲು ಹದಿನೈದು ದಿನ ಉಳಿದಾಗ ಅತ್ತೆ ಇನ್ನೂ ಒಂದು ಸೀರೆಯನ್ನೂ ಚೀಲಕ್ಕೆ ಹಾಕಿರಲಿಲ್ಲ. ಆಗ ನಮಗೆ ತಿಳಿಯಿತು, ಮೊದಲ ದಿನ ಆಡಿದ ಮಾತು ಚೇಷ್ಟೆಯದಲ್ಲ ಎಂದು. ಆ ಎಮ್ಮೆ ಅತ್ತೆಯನ್ನು ಬಿಟ್ಟು ಇನ್ನೊಬ್ಬರ ಕೈಗೆ ಹಾಲು ಕೊಟ್ಟದ್ದಿಲ್ಲ. ಆರು ವರ್ಷದಿಂದ ಅತ್ತೆ ಒಂದು ರಾತ್ರಿಯೂ ಮನೆ ಬಿಟ್ಟಿಲ್ಲ.

ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯವರು ಬಂದು ಕೂತರು, ಹಿಂಡಿದರು; ಎಮ್ಮೆ ಬಕೆಟ್ಟನ್ನು ಗೋಡೆಗೆ ಒದೆಯಿತು. ನಮ್ಮ ಮನೆಯವರು ಕೂತರು. ಬಕೆಟ್ಟನ್ನು ಬಿಟ್ಟು ಅವರನ್ನೇ ಒದೆಯಿತು. ನಾನು ಹತ್ತಿರ ಹೋದಾಗ ಬರೀ ತಿರುಗಿ ನೋಡಿತು. ಆ ನೋಟವೇ ನನಗೆ ಸಾಕಾಯಿತು.

ಖಾಲಾ ಅವರದು ಬಳೆ ಅಂಗಡಿ, ಆದರೆ ತವರಿನಲ್ಲಿ ಎಮ್ಮೆಗಳ ನಡುವೆ ಬೆಳೆದವರು. ಯೋಚಿಸಿ ಹೇಳಿದರು: "ಎಮ್ಮಿ ಮಕ ನೋಡಲ್ಲವ್ವ, ಸೀರಿ ನೋಡ್ತದ. ಇವ್ರ ಸೀರಿ ಉಟ್ಕೊಂಡು ಕೂತ್ರ ಬಿಡ್ತದ. ಮತ್ತ ಸೀರಿ ಒಂದೇ ಸಾಲ್ದು, ಬಳಿ ಸಪ್ಪಳನೂ ಬೇಕು. ಆದ್ರ ನಾ ಕುಂದರಂಗಿಲ್ಲವ್ವ. ನನ್ನ ವಾಸನಿ ಅದಕ್ಕ ಗೊತ್ತಾಗ್ಯಾದ."

ಆಗ ಕಟ್ಟೆಯ ಮೇಲಿಂದ ಮಾವನ ದನಿ ಬಂತು. "ನಾ ಉಡ್ತೀನಿ."

ಊರಿನ ನಾಲ್ಕು ಜನ ಜಗಳ ಬಗೆಹರಿಸಿಕೊಳ್ಳಲು ಹುಡುಕಿಕೊಂಡು ಬರುವ ಹಿರಿಯರು; ಮೂಗಿನ ಕೆಳಗೆ ಗೇಣುದ್ದದ ಮೀಸೆ. ಅತ್ತೆ, "ಹುಚ್ಚು ಹಿಡದದೇನ್ರಿ ನಿಮಗ?" ಎಂದರು.

"ಹುಡುಗ ಇದ್ದಾಗ ದೋಸ್ತರ ಜೋಡಿ ಹೋಗಿ ನಾ ಸಮುದ್ರ ನೋಡಿ ಬಂದೀನಿ. ಲಗ್ನ ಆದ ಮ್ಯಾಲ ಒಮ್ಮೆರ ಇಕಿನ್ನ ಕರ್ಕೊಂಡು ಹೋಗ್ಬೇಕಂದೆ, ಹೋಗ್ಲಿಲ್ಲ. ಈ ಸಲ ಆಕಿ ನೋಡ್ಲಿ," ಎಂದರು ಮಾವ ನನ್ನತ್ತ ತಿರುಗಿ. ಅತ್ತೆಯ ಮುಖ ನೋಡಿ ಹೇಳುವ ಧೈರ್ಯ ಅವರಿಗಿರಲಿಲ್ಲ. ಆಮೇಲೆ ಮಾವ ದನಿ ಏರಿಸಿದರು: "ಮೀಸಿ ಮಾತ್ರ ತೆಗಿಯಂಗಿಲ್ಲ. ಎಮ್ಮಿ ಕಾಲು ಹಿಡಿದು ಕೇಳಿದ್ರೂ ತೆಗಿಯಂಗಿಲ್ಲ!"

೫. ಬಳೆ ತೊಟ್ಟ ನ್ಯಾಯ

ಖಾಲಾ ತಮ್ಮ ಅಂಗಡಿಯಲ್ಲಿದ್ದ ಅತಿ ದೊಡ್ಡ ಅಳತೆಯ ಬಳೆ ತಂದರು. ಅತ್ತೆಯ ಹಸಿರು ಸೀರೆ ಉಟ್ಟು, ಮೀಸೆ ಮುಚ್ಚುವ ಹಾಗೆ ಸೆರಗು ಎಳೆದುಕೊಂಡು ಮಾವ ತಾಲೀಮು ಶುರು ಮಾಡಿದರು. ಅತ್ತೆ ಗೋಡೆಯ ಆಚೆ ನಿಂತು ಎಂದಿನಂತೆ ಎಮ್ಮೆಯನ್ನು ಮಾತಾಡಿಸುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ಎಮ್ಮೆ ಒಪ್ಪಿತು. ಚರಿಗೆಗೆ ಹಾಲು ಬೀಳುವ ಸದ್ದಿಗೆ ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಚಿಟಗುಪ್ಪದ ಇಬ್ಬರು ಅಣ್ಣತಮ್ಮಂದಿರು ಬಂದುಬಿಟ್ಟರು. ಹೊಲದ ಬದುವಿನ ಜಗಳ, ಮಾವನ ಹತ್ತಿರ ನ್ಯಾಯಕ್ಕೆ ಬಂದಿದ್ದರು.

"ಅವ್ವಾರ, ಯಜಮಾನ್ರು ಅದಾರೇನ್ರಿ?" ಎಂದ ಅಣ್ಣ, ಸೀರೆಯ ಬೆನ್ನಿಗೆ.

ಮಾತಾಡಿದರೆ ಎಮ್ಮೆಗೆ ಗೊತ್ತಾಗುತ್ತದೆ. ಮಾವ ತಲೆ ಅಲ್ಲಾಡಿಸಿದರು, ಇಲ್ಲ ಎಂದು.

"ಎಲ್ಲಿ ಹೋಗ್ಯಾರ್ರಿ?"

ಮಾವ ಬಳೆಯ ಕೈ ಎತ್ತಿ ದೂರಕ್ಕೆ ತೋರಿಸಿದರು.

"ಇರ್ಲಿ, ಕುಂದರ್ತೀವಿ," ಎಂದು ಇಬ್ಬರೂ ಮುಂದಿನ ಪಡಸಾಲೆಗೆ ಹೋಗಿ ಕೂತರು. ಅತ್ತೆ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದರು. ನಾನು ಚಹಾ ಕೊಟ್ಟೆ. ಮಾವ ಒಳಗೆ ಬಂದು ಸೀರೆ ಬಿಚ್ಚಿ ಧೋತರ ಉಟ್ಟರು, ಹಿತ್ತಲಿನಿಂದ ಓಣಿ ಸುತ್ತಿ ಮುಂಬಾಗಿಲಿಗೆ ಬಂದು, "ಈಗ ಬಂದ್ರೇನಪ್ಪ?" ಎಂದು ಗಂಭೀರವಾಗಿ ಗಾದಿಯ ಮೇಲೆ ಕೂತರು.

ಅವಸರದಲ್ಲಿ ಬಳೆ ತೆಗೆಯುವುದನ್ನು ಮರೆತಿದ್ದರು. "ಬದು ಇಲ್ಲಿಂದ ಇಲ್ಲಿ ತನಕ," ಎಂದು ಕೈ ಬೀಸಿದಾಗ ಘಲ್ಲೆಂದಿತು. "ನೀ ಆ ಕಡಿ, ನೀ ಈ ಕಡಿ," ಎಂದಾಗ ಇನ್ನೂ ಜೋರಾಗಿ ಘಲ್ಲೆಂದಿತು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿ ತಲೆ ತಗ್ಗಿಸಿದರು. ವರ್ಷಗಟ್ಟಲೆ ಹರಿಯದ ಜಗಳ ಅರ್ಧ ಕಪ್ ಚಹಾದೊಳಗೆ ಹರಿಯಿತು. ಹೊರಗೆ ಹೋಗಿ ತಮ್ಮ ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು: "ಎಣ್ಣಾ, ನಮ್ಮಿಬ್ಬರ ಜಗಳಾ ಕೇಳಿ ಕೇಳಿ ಪಾಪ ಯಜಮಾನ್ರ ತಲೀನೇ ಕೆಟ್ಟದ ನೋಡು."

೬. ಕಡಲ ಮುಂದೆ ಅತ್ತೆ

ಕೊನೆಗೂ ನಾವು ನಾಲ್ವರು ಹೊರಟೆವು. ರೆಸಾರ್ಟ್ ಮುಟ್ಟುವಾಗ ಕತ್ತಲಾಗಿತ್ತು. ದಣಿದಿದ್ದ ಅತ್ತೆ, ಸಮುದ್ರದ ಸದ್ದಷ್ಟೇ ಕೇಳಿ ಮಲಗಿದರು. ಬೆಳಗಾಗುತ್ತಲೇ ನಾನು ಅವರ ಕೈ ಹಿಡಿದು ಮರಳಿನ ಕಡೆ ನಡೆಸಿದೆ. ಅಲ್ಲಿ ಎಲೆಯುಡುಗೆಯವರು ಡೋಲು ಬಾರಿಸುತ್ತ, ಹೊಸದಾಗಿ ಬಂದವರಿಗೆ ದ್ವೀಪದ ಸ್ವಾಗತ ನಡೆಸಿದ್ದರು. ಇಪ್ಪತ್ತು ಮೂವತ್ತು ಜನ ಕಡಲು ಕಾಣದ ಹಾಗೆ ಅಡ್ಡ ಗುಂಪಾಗಿ ನಿಂತಿದ್ದರು.

ಆಗ ಮಗಳ ಮೊಬೈಲಿಗೆ ವಿಡಿಯೊ ಕರೆ ಬಂತು. ಪರದೆಯ ಮೇಲೆ ಹಸಿರು ಸೀರೆಯ ಮಾವ, ಹಿಂದೆ ಎಮ್ಮೆ. "ನಿನ್ನಿ ಸಂಜಿಯಿಂದ ಒಂದು ಹನಿ ಬಿಡವಲ್ದು! ಸೀರಿ ಅದ, ಬಳಿ ಅದಾವ, ನಿನ್ನ ದನಿ ಇಲ್ಲ!"

ಇಷ್ಟು ದಿನ ಗೋಡೆಯ ಆಚೆಯಿಂದ ಅತ್ತೆ ಆಡುತ್ತಿದ್ದ ಮಾತು ನಮ್ಮ ಯಾರ ಲೆಕ್ಕದಲ್ಲೂ ಇರಲಿಲ್ಲ. "ಹೊಳ್ಳಿ ಹೋಗಮು," ಎಂದರು ಅತ್ತೆ, ಅಲ್ಲೇ ತಿರುಗಿ. ಸಮುದ್ರಕ್ಕೆ ಇನ್ನು ಇಪ್ಪತ್ತು ಹೆಜ್ಜೆ. "ಅತ್ತೀ, ಇಲ್ಲಿಂದನೇ ಮಾತಾಡ್ರಿ!" ಎಂದೆ. ಮಗಳು ಫೋನಿನ ದನಿ ಏರಿಸಿದಳು. ನೀರಿನ ಅಂಚಿನಲ್ಲಿ ಮಾತ್ರ ಸಿಗ್ನಲ್ ಚೆನ್ನಾಗಿತ್ತು, ಅಲ್ಲಿಗೇ ಹೋಗಿ ಅತ್ತೆ ಒಂದು ಕೈಯಲ್ಲಿ ಫೋನ್ ಮುಖದ ಮುಂದೆ ಹಿಡಿದರು. ಇನ್ನೊಂದು ಕೈ ತಾನಾಗಿಯೇ ಎಮ್ಮೆಯ ಮೈ ಸವರುವಂತೆ ಗಾಳಿಯಲ್ಲಿ ಆಡತೊಡಗಿತು.

"ಬಾ ನನ್ನವ್ವ. ಸಿಟ್ಟಾಗಬ್ಯಾಡ. ಎಷ್ಟು ದೊಡ್ಡಾಕಿ ನೀ, ಎಷ್ಟು ಕಪ್ಪಾಗಿ ಚಂದ ಅದಿ. ನಾಕು ದಿನಕ್ಕ ಬರ್ತೀನಿ. ಎಲ್ಲಾರಿಗೂ ಕೊಡಾಕಿ ನೀನು, ನನಗೊಬ್ಬಾಕಿಗಿ ಇಲ್ಲಂತೀಯೇನು? ಕೊಡು ತಾಯಿ, ಕೊಡು."

ಹಿಂದೆ ಡೋಲು ನಿಂತಿತು. ನಾನು ತಿರುಗಿ ನೋಡಿದೆ. ಹಿಂದಿದ್ದವರಿಗೆ ಕಂಡದ್ದು ಅತ್ತೆಯ ಬೆನ್ನು ಮತ್ತು ಆಡುವ ಕೈ ಅಷ್ಟೇ. ಒಬ್ಬರು ಕೈ ಮುಗಿದರು, ಮತ್ತೊಬ್ಬರು ಚಪ್ಪಲಿ ಬಿಟ್ಟರು. ನೋಡನೋಡುತ್ತ ಇಡೀ ಗುಂಪು ಸಮುದ್ರದ ಕಡೆ ಮುಖ ಮಾಡಿ ಅತ್ತೆಯಂತೆಯೇ ಗಾಳಿಯನ್ನು ಸವರತೊಡಗಿತು. ಎಲೆಯುಡುಗೆಯವರೂ ಸವರಿದರು.

"ಬಿಟ್ಟಿತು! ಬಿಟ್ಟಿತು!" ಎಂದು ಮಾವ ಕೂಗಿದರು. ಅತ್ತೆ ಎರಡೂ ಕೈ ಮೇಲೆತ್ತಿದರು. ಹಿಂದಿನವರೆಲ್ಲ ಚಪ್ಪಾಳೆ ತಟ್ಟಿದರು.

"ಅದಿರ್ಲಿ, ಸಮುದ್ರ ಹ್ಯಾಂಗದ?" ಎಂದು ಮಾವ ಕೇಳಿದರು.

"ನಿಂದರ್ರಿ, ಇನ್ನಾ ನೋಡಿಲ್ಲ," ಎಂದು ಅತ್ತೆ ಫೋನ್ ಇಳಿಸಿ ಮೊದಲ ಸಲ ತಲೆ ಎತ್ತಿ ನೋಡಿದರು.

ನೀರು ಬಂದು ಪಾದ ತೋಯಿಸಿ ಹೋಯಿತು. ಅವರ ಕಣ್ಣು ತುಂಬಿದ್ದು ನೋಡಿ ನನ್ನವೂ ತುಂಬಿದವು, ಸುಖದಿಂದಲೇ. ಆಮೇಲೆ ಅವರು ಫೋನನ್ನು ಕಡಲಿನತ್ತ ತಿರುಗಿಸಿ ಹಿಡಿದು, "ನೀವೂ ನೋಡ್ರಿ. ಆಕಿಗೂ ಒಂದೀಟು ತೋರ್ಸ್ರಿ," ಎಂದರು.

ಗುಂಪಿನಿಂದ ಬೆಂಗಳೂರಿನ ಒಬ್ಬ ಹೆಂಗಸು ಭಕ್ತಿಯಿಂದ ಹತ್ತಿರ ಬಂದು, "ಅಮ್ಮಾ, ಸಮುದ್ರದ ಹತ್ರ ಏನು ಕೇಳ್ಕೊಂಡ್ರಿ?" ಎಂದರು.

ಅತ್ತೆ ಕಣ್ಣು ಒರೆಸಿಕೊಂಡರು. "ಎರಡ್ ಲೀಟರ್ ಹಾಲವ್ವ," ಎಂದರು. "ಕೊಟ್ಲು."