ಭತ್ತದ ಚೀಲದ ಸ್ಟುಡಿಯೊ

ನನ್ನ ಸೋದರಮಾವನಷ್ಟು ನಿಶ್ಶಬ್ದವನ್ನು ಪ್ರೀತಿಸುವ ಮನುಷ್ಯ ಕಂಪ್ಲಿಯಲ್ಲಿ ಇನ್ನೊಬ್ಬನಿಲ್ಲ. ಆ ನಿಶ್ಶಬ್ದಕ್ಕಾಗಿ ಅವರು ಮಾಡುವ ಗಲಾಟೆಯನ್ನು ನೀವು ಕೇಳಬೇಕು.

ಮಾವ ಅಕ್ಕಿ ಗಿರಣಿಯ ಮಾಲೀಕರು. ಮನೆಯಲ್ಲೂ ಗಿರಣಿಗೆ ಕೇಳುವಂತೆಯೇ ಮಾತಾಡುವವರು. ಅವರಿಗೆ ಈ ಹುಚ್ಚು ಹತ್ತಿದ್ದು ಹೋದ ಬೇಸಿಗೆಯಲ್ಲಿ. ಅತ್ತೆಯ ಕತ್ತಿನಲ್ಲಿ ಗಂಟಾಗಿತ್ತು. ತೆಗೆಯಲೇಬೇಕು, ಆದರೆ ತೆಗೆದ ಮೇಲೆ ದನಿ ಮೊದಲಿನಂತೆ ಇರುತ್ತದೆಂದು ಹೇಳಲಾರೆ ಎಂದರು ಬಳ್ಳಾರಿಯ ಡಾಕ್ಟರು. ಅತ್ತೆ ಸೋಬಾನೆ ಪದ ಹಾಡುವವರು. ನಮ್ಮ ಬಳಗದಲ್ಲಿ ಅವರು ಹಾಡದೆ ಯಾವ ಮದುಮಗಳಿಗೂ ಅರಿಸಿನ ಹಚ್ಚಿದ್ದಿಲ್ಲ. ಆಪರೇಷನ್‌ಗೆ ಹತ್ತು ದಿನವಿತ್ತು. ಮಾವ ಆನ್‌ಲೈನಿನಲ್ಲಿ ಇದ್ದುದರಲ್ಲೇ ಅಗ್ಗದ ಮೈಕೊಂದನ್ನು ತರಿಸಿದರು. ಹೊಸಪೇಟೆಯಿಂದ ನನ್ನನ್ನೂ ತರಿಸಿದರು.

"ನಾ ಓದಿದ್ದು ಬಿ.ಕಾಂ., ಮಾಮಾ."

"ಕಾಲೇಜಿಗೆ ಹೋಗಿದ್ದಿಲ್ಲೇನು? ಹಚ್ಚು."

ನನ್ನ ಲ್ಯಾಪ್‌ಟಾಪಿಗೆ ಹಚ್ಚಿದೆ. ಮಾವ ಮೈಕಿಗೆ ಮೂರು ಬೆರಳು ವಿಭೂತಿ ಬಳಿದು, ಅದರ ನೆತ್ತಿಗೆ ಬಾಯಿಟ್ಟು ಹಲೋ ಎಂದರು. ಅಷ್ಟು ದೊಡ್ಡ ದನಿಯೂ ಬಾವಿಯೊಳಗಿಂದ ಬಂದಂತೆ ಕೇಳಿತು.

"ಇದು ನೆತ್ತಿಯಿಂದ ಕೇಳಲ್ಲ ಮಾಮಾ, ಬದಿಯಿಂದ ಕೇಳ್ತೈತಿ."

"ಮತ್ತ, ಕಿವಿ ಯಾರಿಗಾದ್ರೂ ನೆತ್ತಿಮ್ಯಾಗ ಇರ್ತಾವೇನಲೇ?" ಎಂದು ನನ್ನನ್ನೇ ತಿದ್ದಿದರು.

ಉಸಿರು ಬಡಿಯದಂತೆ ಮೈಕಿನ ಮುಂದೆ ತೆಳು ಬಟ್ಟೆ ಕಟ್ಟಬೇಕು ಎಂದೆ. ಐದೇ ನಿಮಿಷದಲ್ಲಿ ಅಡುಗೆಮನೆಯ ಹಿಟ್ಟಿನ ಜರಡಿ ಹಳೆಯ ಸೀರೆಯ ತುಂಡು ಹೊದ್ದು ಬಂತು.

"ಹಿಟ್ಟು ಯಾತರಾಗ ಸಾಣಿಸ್ಲಿ?" ಎಂದು ಅತ್ತೆ ಕೇಳಿದರು.

"ಹತ್ತು ದಿನ ಅನ್ನ ಉಣ್ಣು. ಗಿರಣಿ ಯಾರದು?"

ಮೊದಲ ಹಾಡು ಮುಗಿಸಿ ಕೇಳಿದೆವು. ಅದರಲ್ಲಿ ಅತ್ತೆಯ ದನಿಯೂ ಇತ್ತು. ಜೊತೆಗೆ ಫ್ಯಾನು, ಕುಕ್ಕರು, ಪಕ್ಕದ ಮನೆಯ ಎಮ್ಮೆ, ಗಂಗಾವತಿ ಬಸ್ಸಿನ ಹಾರ್ನು. ಮಾವ ಫ್ಯಾನು ನಿಲ್ಲಿಸಿದರು, ಕುಕ್ಕರು ಇಳಿಸಿದರು, ಎಮ್ಮೆಗೆ ಹಸಿ ಮೇವು ಹಾಕಿಸಿದರು. ಆಮೇಲೆ ರಸ್ತೆಗಿಳಿದು ಬಸ್ಸಿಗೇ ಕೈ ಅಡ್ಡ ಹಿಡಿದರು.

"ಅಣ್ಣಾ, ನಮ್ಮ ಮನಿ ಮುಂದ ಹಾರ್ನ್ ಹೊಡಿಬ್ಯಾಡ. ಹಾಡು ನಡದೈತಿ."

"ರಸ್ತೆದಾಗ ನಿಂತವ್ರು ನೀವ ಅದೀರಿ," ಎಂದ ಡ್ರೈವರ್. "ನೀವು ಸರದ್ರ ನಾ ಯಾಕ ಹೊಡೀಲಿ?"

ಆಗ ನಾನು ಬಾಯಿ ಬಿಟ್ಟೆ. ಸುತ್ತಲೂ ದಪ್ಪನೆಯ, ಮೆತ್ತನೆಯ ಗೋಡೆಯಿದ್ದರೆ ಅದು ಸದ್ದು ಹೀರುತ್ತದೆ ಎಂದೆ. ಮಾವನ ಕಣ್ಣು ಗೋದಾಮಿನ ಕಡೆ ತಿರುಗಿತು.

ಭತ್ತದ ಚೀಲವೊಂದು ಎಪ್ಪತ್ತು ಕಿಲೊ ಮೀರಿ ತೂಗುತ್ತದೆ. ಹಮಾಲರು ಯಾವಾಗಲೂ ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಇಟ್ಟು ಹೆಣೆಯುತ್ತಾರೆ. ಹಾಗೆ ಹೆಣೆದರೆ ಕೂತು ಹಾಡಲು ಒಳಗೆ ಜಾಗ ಸಾಲದೆಂದು ಮಾವ, ಬಾಗಿಲಿಗೊಂದು ಸಂದಿ ಬಿಟ್ಟು, ಸುತ್ತಲೂ ಒಂದರ ಮೇಲೊಂದು ನೇರವಾಗಿ, ಆಳೆತ್ತರಕ್ಕಿಂತ ಮೇಲಕ್ಕೆ ಇಡಿಸಿದರು.

"ಸಾವ್ಕಾರ್ರೇ, ಇದು ನಿಂದ್ರಂಗಿಲ್ರಿ," ಎಂದ ಹಿರಿಯ ಹಮಾಲ.

"ವರ್ಷಗಟ್ಲೆ ನಿಂದ್ರಬೇಕೇನು? ಒಂದು ಹಾಡಿನ ಮಟ್ಟಿಗೆ ನಿಂತ್ರ ಸಾಕು."

ನಿಲ್ಲುತ್ತಿತ್ತೇನೋ. ಆದರೆ ಅಗ್ಗದ ಮೈಕಿನ ವೈರು ಗಿಡ್ಡ. ಲ್ಯಾಪ್‌ಟಾಪು ಗುರ್ ಎನ್ನುತ್ತದೆಂದು ಅದನ್ನೂ ನನ್ನನ್ನೂ ಚೀಲದ ಗೋಡೆಯ ಹೊರಗೆ ಕೂರಿಸಿದ್ದರು. ಬಾಗಿಲು ಸುತ್ತಿ ಬರಲು ವೈರು ಸಾಲಲಿಲ್ಲ. ಮಾವ ಕೆಳಸಾಲಿನ ಒಂದು ಚೀಲವನ್ನು ಕೊಯ್ದು, ಒಂದಿಷ್ಟು ಭತ್ತ ಸುರಿಸಿ, ಆದ ಸಂದಿಯಲ್ಲಿ ವೈರು ತೂರಿಸಿದರು. ಕೊಯ್ದ ಬಾಯಿಗೆ ತಮ್ಮ ಟವೆಲ್ಲು ತುರುಕಿದರು.

ಅತ್ತೆ ಒಳಗೆ ಕುಳಿತು ಹಾಡಿದರು; ಮಾವ ಎದುರಿಗೆ ಮೈಕು ಹಿಡಿದು ಕುಳಿತಿದ್ದರು. ಹೆಡ್‌ಫೋನಿನಲ್ಲಿ ಅವರ ಉಸಿರೂ ಕೇಳುತ್ತಿತ್ತು. ಎರಡನೇ ನುಡಿಯಲ್ಲಿ ಹಿಂದಿನಿಂದ ಸಣ್ಣಗೆ ಸರ್ರ್ ಎಂಬ ಸದ್ದು ಬಂತು. ಕರೆಂಟಿನದಿರಬೇಕೆಂದು ಗುಂಡಿ ತಿರುಗಿಸಿ ತಗ್ಗಿಸಿದೆ.

ಅದು ಭತ್ತ ಸೋರುವ ಸದ್ದು. ಎಲ್ಲರಿಗಿಂತ ಮೊದಲು ಕೇಳಿದವನು ನಾನು. ಕೇಳಿ, ಕಡಿಮೆ ಮಾಡಿದವನೂ ನಾನೇ. ಈಗಲೂ ಯಾರಾದರೂ ಡಬ್ಬಿಗೆ ಸಕ್ಕರೆ ಸುರಿದರೆ ನಾನು ಎದ್ದು ನಿಲ್ಲುತ್ತೇನೆ.

ಗೋಡೆ ವಾಲಿದ್ದನ್ನು ಮಾವ ಕಂಡರು. ಅತ್ತೆಯನ್ನು ಬಾಗಿಲಿನ ಸಂದಿಯಿಂದ ಹೊರಗೆ ನೂಕಿದರು. ತಾವು ಬರುವಷ್ಟು ಹೊತ್ತು ಉಳಿದಿರಲಿಲ್ಲ.

ಹಮಾಲರು ಚೀಲ ಎಳೆದೆಳೆದು ಹಾಕಿದರು. ಎರಡು ಚೀಲ ಒಂದಕ್ಕೊಂದು ಆತು ನಿಂತ ಗೂಡಿನಲ್ಲಿ ಮಾವ ಮುದುಡಿ ಕುಳಿತಿದ್ದರು. ಮೈಯೆಲ್ಲ ಧೂಳು, ಎಡಗೈ ಮುರಿದಿತ್ತು, ಬಲಗೈಯಲ್ಲಿ ಮೈಕು.

"ರೆಕಾರ್ಡ್ ಆತೇನಲೇ?" ಎಂದರು.

ಆಗಿತ್ತು. ಮಾವನ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದು ಕೇಳಿದೆವು. ಅರ್ಧ ಹಾಡು, ಧೊಪ್ಪೆಂಬ ಸದ್ದು, ಆಮೇಲೆ ಮಾವನ ಹೆಸರು. ಒಂದಲ್ಲ, ಮೂರು ಸಲ. ಕೂಗಿದ್ದು ಅತ್ತೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರು ಗಂಡನ ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿರಲಿಲ್ಲ. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರು ಕೇಳಿದಾಗಲೂ 'ಈ ಹುಡುಗನ್ನ ಕೇಳ್ರಿ' ಎಂದು ನನ್ನನ್ನು ಮುಂದೆ ಮಾಡುತ್ತಿದ್ದವರು.

"ಅಷ್ಟು ಅಳಿಸಿಬಿಡಪ್ಪ," ಎಂದರು ಅತ್ತೆ, ಸೆರಗನ್ನು ಬಾಯಿಗೊತ್ತಿಕೊಂಡು. "ಮಂದಿ ಕೇಳಿದ್ರ ಏನಂದಾರು."

ಮಾವ ಲ್ಯಾಪ್‌ಟಾಪನ್ನು ಮುಚ್ಚಿ, ಅದರ ಮೇಲೆ ತಮ್ಮ ಮುರಿಯದ ಕೈ ಇಟ್ಟುಕೊಂಡು ಕುಳಿತರು.

ಉಳಿದ ದಿನಗಳಲ್ಲಿ ಮನೆಯ ಕೌದಿಗಳನ್ನೆಲ್ಲ ಹಗ್ಗಕ್ಕೆ ಇಳಿಬಿಟ್ಟು ಆರು ಹಾಡು ರೆಕಾರ್ಡ್ ಮಾಡಿದೆವು. ಚೆನ್ನಾಗಿ ಬಂದವು. ಅತ್ತೆಯ ದನಿಯೂ ಕೊನೆಗೆ ಉಳಿಯಿತು, ತುಸು ಒರಟಾಗಿ. ಆದರೆ ಅವರನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದ ಬೆಳಿಗ್ಗೆ ಅದು ನಮಗೆ ಗೊತ್ತಿರಲಿಲ್ಲ. ಮಾವ ಹೊರಗಿನ ಬೆಂಚಿನ ಮೇಲೆ ನನ್ನ ಹೆಡ್‌ಫೋನು ಹಾಕಿಕೊಂಡು ಕುಳಿತಿದ್ದರು. ಹಾಡು ಕೇಳುತ್ತಿದ್ದಾರೆಂದು ತಿಳಿದಿದ್ದೆ. ಹತ್ತಿರ ಕುಳಿತಾಗ ತಿಳಿಯಿತು. ಆ ಮೂರು ಕೂಗನ್ನು ಮತ್ತೆ ಮತ್ತೆ ಹಾಕಿಕೊಂಡು, ಪ್ರತಿ ಸಲ ಹೆಸರು ಬಂದಾಗಲೂ ಮಾವ ಮೆಲ್ಲಗೆ "ಓ" ಎನ್ನುತ್ತಿದ್ದರು.