ಇರೋದ್ರಲ್ಲೇ ವೇಗದ್ದು

ಹೆಂಡತಿಯ ಎದುರು ಸೋಲುವುದು ಗಂಡನಾದವನಿಗೆ ಹೊಸ ವಿಷಯವಲ್ಲ. ಆದರೆ ಆ ಸೋಲನ್ನು ಸೈಕಲ್ ಶೆಡ್ಡಿನ ಪಕ್ಕದ ಸಿಮೆಂಟು ಟೇಬಲ್ಲಿನ ಮುಂದೆ, ಇಡೀ ವಠಾರ ಸೂರ್ಯಕಾಂತಿ ಬೀಜ ಕಡಿಯುತ್ತ ನೋಡುತ್ತಿರುವಾಗ, ಅಂಕಗಳ ಸಮೇತ ಅನುಭವಿಸುವ ಭಾಗ್ಯ ಬಹುಶಃ ನನ್ನೊಬ್ಬನ ಹಣೆಯಲ್ಲೇ ಬರೆದಿರಬೇಕು.

ನಾನು ದಕ್ಷಿಣದ ಹೆಂಗ್‌ಯಾಂಗಿನವನು. ನನ್ನ ಹೆಂಡತಿ ಪೇಲಾನ್ ಉತ್ತರದ ತುದಿಯ ಜಿಲಿನ್‌ನವಳು. ಸಂಸಾರ ಹೂಡಿದ್ದು ನಡುವಿನ ಕೈಫೆಂಗಿನಲ್ಲಿ. ವರ್ಷವಿಡೀ ಏನೂ ತೊಂದರೆಯಿಲ್ಲ. ಚಳಿಗಾಲದ ಕೊನೆಗೆ ಹೊಸ ವರ್ಷದ ಹಬ್ಬ ಬಂತೆಂದರೆ ಮಾತ್ರ ನಮ್ಮ ದೇಶದ ಗಂಡಹೆಂಡಿರೆಲ್ಲ ಕಚ್ಚಾಡುವ ಆ ಪುರಾತನ ಪ್ರಶ್ನೆ ನಮ್ಮ ಮನೆಗೂ ಬರುತ್ತದೆ: ಹಬ್ಬದ ಹಿಂದಿನ ಸಂಜೆಯ ದೊಡ್ಡ ಊಟ ಯಾರ ತಾಯಿಯ ಮನೆಯಲ್ಲಿ?

ಮದುವೆಯಾದ ಹೊಸದರಲ್ಲಿ ಇದಕ್ಕೊಂದು ಸುಸಂಸ್ಕೃತ ಪರಿಹಾರ ಹುಡುಕಿದವನು ನಾನೇ. ಜಗಳ ಬೇಡ, ಟೇಬಲ್ ಟೆನಿಸ್ ಆಡೋಣ, ಗೆದ್ದವರ ತವರಿಗೆ ಹೋಗೋಣ ಎಂದೆ. (ಕಾಲೇಜಿನಲ್ಲಿ ನಾನು ಆಕ್ರಮಣದ ಆಟಕ್ಕೆ ಹೆಸರಾದವನು. ಅವಳು ಆಡುತ್ತಾಳೆಂದೇ ನನಗೆ ಗೊತ್ತಿರಲಿಲ್ಲ.) ಪೇಲಾನ್ ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಅಂದಿನಿಂದ ಇಂದಿನವರೆಗೆ ನಾನು ಹಬ್ಬದ ಊಟ ಉಂಡದ್ದೆಲ್ಲ ಜಿಲಿನ್‌ನಲ್ಲಿ.

ಅತ್ತೆ ಮಾವ ಒಳ್ಳೆಯವರು, ಸುಳ್ಳು ಹೇಳಬಾರದು. ಆದರೆ ಅಲ್ಲಿ ಮೂಗಿನ ಉಸಿರು ಮೀಸೆಯ ಮೇಲೆಯೇ ಹೆಪ್ಪುಗಟ್ಟುತ್ತದೆ. ಮಾವ ಜೋಳದ ಮದ್ಯವನ್ನು ಬಟ್ಟಲಿಗೆ ಸುರಿದು, ಕುಡಿಯುವವರೆಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಊಟಕ್ಕೆ ಕಡುಬು, ಕಡುಬಿನ ಮೇಲೆ ಕಡುಬು. ಖಾರದ ಸುಳಿವೇ ಇಲ್ಲ. ಅಲ್ಲಿ ಕೂತು ನಾನು ಕಿಟಕಿಯಾಚೆಯ ಹಿಮ ನೋಡುತ್ತ, ಹೆಂಗ್‌ಯಾಂಗಿನಲ್ಲಿ ಅಮ್ಮ ಹೊಗೆಯಲ್ಲಿ ಒಣಗಿಸಿದ ಮಾಂಸವನ್ನು ಕೆಂಪು ಮೆಣಸಿನಕಾಯಿಯ ಜೊತೆ ಬಾಣಲೆಗೆ ಹಾಕುವುದನ್ನೂ, ಘಾಟಿಗೆ ಅಪ್ಪ ಸೀನುವುದನ್ನೂ ಕಾಣುತ್ತೇನೆ. ಅಮ್ಮನಿಗೆ ಫೋನ್ ಮಾಡಿದರೆ ಅವಳು ಪ್ರತಿ ಸಲವೂ ಮೊದಲು ಕೇಳುವುದು ಒಂದೇ ಮಾತು: ಅಲ್ಲಿ ಹಿಮ ಬಿದ್ದಿದೆಯಾ? ಮಗ ಚಳಿಯಲ್ಲಿ ನಡುಗುತ್ತಿದ್ದಾನಲ್ಲ ಎಂಬ ಆ ಕರುಳಿನ ಸಂಕಟ ನನಗೆ ಅರ್ಥವಾಗುತ್ತದೆ. ಈ ವರ್ಷ ಏನಾದರಾಗಲಿ, ಅಮ್ಮನ ಮನೆಯಲ್ಲೇ ಉಣ್ಣಬೇಕು ಎಂದು ನಿಶ್ಚಯಿಸಿದೆ.

ನನ್ನ ಸೋಲಿಗೆ ಕಾರಣವೇನೆಂದು ನಾನು ಆಳವಾಗಿ ಚಿಂತಿಸಿದೆ. (ಚಿಂತಿಸಲು ನನಗೆ ಬೇಕಾದಷ್ಟು ಸಮಯವಿದೆ. ಹವಾಮಾನ ಕಚೇರಿಯಲ್ಲಿ ಮೋಡ ನೋಡುವುದೇ ನನ್ನ ಕೆಲಸ. ಯಂತ್ರಗಳು ಬಂದಮೇಲೆ ಮೋಡಗಳೂ ನನ್ನನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.) ಪೇಲಾನ್ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವನು ಎಷ್ಟೇ ಜೋರಾಗಿ ಒತ್ತಲಿ, ಪಕ್ಕದ ಸೀಟಿನಲ್ಲಿ ಕೂತ ಅವಳ ಕಾಲ ಕೆಳಗೆ ಇನ್ನೊಂದು ಬ್ರೇಕು ಇರುತ್ತದೆ. ಅವಳ ಆಟವೂ ಹಾಗೆಯೇ. ಹಳೆಯ ಮರದ ಬ್ಯಾಟು, ಅದರ ಒಂದು ಮುಖಕ್ಕೆ ಮುಳ್ಳು ರಬ್ಬರು, ಅಂದರೆ ಹಲಸಿನ ಹಣ್ಣಿನ ಮೈಯಂತೆ ಉದ್ದುದ್ದ ಮುಳ್ಳೆದ್ದ ರಬ್ಬರು. ಅವಳು ಓಡುವುದಿಲ್ಲ, ಬೀಸುವುದಿಲ್ಲ, ಟೇಬಲ್ಲಿಗೆ ಅಂಟಿ ನಿಂತು ಸುಮ್ಮನೆ ಬ್ಯಾಟು ಅಡ್ಡ ಹಿಡಿಯುತ್ತಾಳೆ. ನಾನು ಬಡಿದ ಚೆಂಡು ಸೊಂಟ ಮುರಿದುಕೊಂಡು, ಸುತ್ತುವ ದಿಕ್ಕು ತಿರುವುಮುರುವಾಗಿ, ವಾಪಸು ಬಂದು ನನ್ನ ಬ್ಯಾಟಿಗೆ ತಗುಲಿದ್ದೇ ಬಲೆಗೆ ಬೀಳುತ್ತದೆ.

ಹಾಗಾದರೆ ಉತ್ತರವೇನು? ವೇಗ. ಅವಳು ಬ್ಯಾಟು ಅಡ್ಡ ಹಿಡಿಯುವ ಮೊದಲೇ ಚೆಂಡು ದಾಟಿಹೋಗಬೇಕು. ನನಗೆ ಬೇಕಾದದ್ದು ಕಾರ್ಬನ್, ಮರದ ನಡುವೆ ಕೂರಿಸಿದರೆ ಚೆಂಡನ್ನು ಚಿಮ್ಮಿಸುವ ನಾರು.

ಗಂಟೆಗೋಪುರದ ಹಿಂದಿನ ಬೀದಿಯಲ್ಲಿ ಆಟದ ಸಾಮಾನಿನ ಅಂಗಡಿಯಿದೆ. ಒಂದು ಗೋಡೆ ತುಂಬ ರಬ್ಬರು ಅಂಟಿಸದ ಬರಿಯ ಹಲಗೆಗಳು, ಮಠದಲ್ಲಿ ಸಾಲಾಗಿ ಕೂತ ಬೋಳುತಲೆಯ ಸನ್ಯಾಸಿಗಳಂತೆ. ಅಂಗಡಿಯ ಮಾಲೀಕ ಝಾನ್ ಯಾವ ಕಾಲದಲ್ಲೋ ಜಿಲ್ಲಾ ತಂಡದಲ್ಲಿದ್ದವನಂತೆ, ಹಾಗೆಂದು ಅವನೇ ಹೇಳುತ್ತಾನೆ. ಅವನು ನನ್ನ ಮಣಿಕಟ್ಟು ಹಿಡಿದು ನಾಡಿ ವೈದ್ಯನಂತೆ ಕಣ್ಣು ಮುಚ್ಚಿ, ಇಂಥ ಕೈಯನ್ನು ಇಷ್ಟು ವರ್ಷ ಬರಿಯ ಮರಕ್ಕೆ ವ್ಯರ್ಥ ಮಾಡಿದಿರಲ್ಲ ಎಂದು ಮರುಗಿದ. ನನ್ನ ಜೀವನದಲ್ಲಿ ಯಾರೂ ನನ್ನ ಮಣಿಕಟ್ಟಿನ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡಿದ್ದಿಲ್ಲ.

ಎದುರಾಳಿ ಎಂಥವರು ಎಂದು ಕೇಳಿದ. ಹೆಂಡತಿ ಎನ್ನಲು ನಾಲಿಗೆ ಏಳಲಿಲ್ಲ. ಕ್ರೂರಿ, ಅಲುಗಾಡದವರು, ಉತ್ತರದವರು ಎಂದೆ. ಮುಳ್ಳು ರಬ್ಬರಿನ ಮಾತು ಎತ್ತಲಿಲ್ಲ. ಅವನೂ ಕೇಳಲಿಲ್ಲ.

ಹಲಗೆ ಆರಿಸುವುದು ಹೆಣ್ಣು ನೋಡಿದಂತಲ್ಲ, ಅದಕ್ಕಿಂತ ಕಷ್ಟ. ಮೊದಲು ಅಂಚು ನೋಡಬೇಕು. ಮರದ ಪದರಗಳ ನಡುವೆ ಕಾಡಿಗೆ ಎಳೆದಂತೆ ಎರಡು ಕಪ್ಪು ಗೆರೆ, ಅದೇ ಕಾರ್ಬನ್. ಗೆರೆ ಒಳಗೆ ತಿರುಳಿನ ಪಕ್ಕದಲ್ಲಿದ್ದರೆ ಹಲಗೆ ಸ್ವಲ್ಪ ಸಾಧು, ಹೊರಮೈಗೆ ಹತ್ತಿರವಿದ್ದರೆ ಉಗ್ರ. ಆಮೇಲೆ ಎರಡು ಹೆಬ್ಬೆರಳಿನಿಂದ ಒತ್ತಿ ಬಾಗುತ್ತದೆಯೇ ಎಂದು ನೋಡಬೇಕು. ಕೊನೆಗೆ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿಯಬೇಕು. ಝಾನ್ ಬಡಿದ. ಸಾಧು ಹಲಗೆ ‘ಟುಕ್’ ಎಂದಿತು. ಉಗ್ರ ಹಲಗೆ ‘ಟಿಣ್’ ಎಂದಿತು.

ಆ ಟಿಣ್ ನನ್ನ ಎದೆಯೊಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಂಗಡಿ ಕರಗಿಹೋಯಿತು. ನಾನು ಟೇಬಲ್ಲಿನಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದೆ, ಗಾಳಿಯಲ್ಲಿ ತೇಲುವವನಂತೆ. ಬೀಸಿದ ಚೆಂಡು ಬಿಳಿಯ ಗೆರೆಯಾಗಿ ಪೇಲಾನ್‌ಳ ಪಕ್ಕದಿಂದ ಹಾದುಹೋಯಿತು. ಅವಳ ಕಣ್ಣಲ್ಲಿ ಆಶ್ಚರ್ಯ, ಆಮೇಲೆ ಮೆಚ್ಚುಗೆ, ಮದುವೆಗೆ ಮುಂಚೆ ಒಮ್ಮೆ ಕಂಡಿದ್ದ ಮೆಚ್ಚುಗೆ. ರೈಲು ದಕ್ಷಿಣಕ್ಕೆ ಓಡುತ್ತಿತ್ತು. ಕಿಟಕಿಯಾಚೆ ಹಿಮವಿಲ್ಲ, ಹಸಿರು ಗದ್ದೆ. ನಿಲ್ದಾಣದಲ್ಲಿ ಅಮ್ಮ ನಿಂತಿದ್ದಳು.

ಝಾನ್ ಭುಜ ತಟ್ಟಿ ಎರಡರಲ್ಲಿ ಯಾವುದು ಎಂದ. ನನಗೆ ಧೈರ್ಯ ಸಾಲಲಿಲ್ಲ. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. (ನಮ್ಮ ದೇಶದಲ್ಲಿ ಯಾರ ತಾಯಿಗಾದರೂ ಬ್ಯಾಟಿನ ವಿಷಯ ವಿವರಿಸಬಹುದು. ನನ್ನ ತಾಯಿ ಹರೆಯದಲ್ಲಿ ನೂಲಿನ ಗಿರಣಿಯ ತಂಡದಲ್ಲಿ ಆಡಿದವಳು.)

“ಪೇಲಾನ್ ಇನ್ನೂ ಆ ಮುಳ್ಳಿನ ಬ್ಯಾಟಲ್ಲೇ ಆಡ್ತಾಳಾ?” ಎಂದು ಅಮ್ಮ ಕೇಳಿದಳು.

“ಹೂಂ ಅಮ್ಮ, ಅದೇ ಹಳೇದು.”

ಅಮ್ಮ ಎರಡೂ ಹಲಗೆಯ ವಿವರವನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ, “ಹಂಗಾದ್ರೆ ಯೋಚನೆ ಯಾಕೆ ಮಗಾ? ಇರೋದ್ರಲ್ಲೇ ವೇಗದ್ದು ತಗೋ” ಎಂದಳು.

ತಾಯಿಯ ಆಶೀರ್ವಾದ ಬಂದಮೇಲೆ ಇನ್ನೇನು. ಉಗ್ರ ಹಲಗೆಯನ್ನು ಎದೆಗವಚಿಕೊಂಡು ಮನೆಗೆ ಬಂದೆ.

ಹಲಗೆಗೆ ರಬ್ಬರು ಅಂಟಿಸುವುದು ಪವಿತ್ರ ಕಾರ್ಯ. ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿ, ಅಂಟು ಹಚ್ಚಿ, ಒಣಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ರಬ್ಬರನ್ನು ಉರುಳಿಸಿ ಕೂರಿಸಬೇಕು. ಉರುಳಿಸಲು ದುಂಡಗಿನ ಕೋಲು ಬೇಕಲ್ಲ. ಅಡುಗೆಮನೆಯಲ್ಲಿ ಒಂದು ಸಿಕ್ಕಿತು, ನಯವಾಗಿ, ಕೈಗೆ ಹಿತವಾಗಿ. ಅದು ಪೇಲಾನ್‌ಳ ಅಜ್ಜಿಯ ಕಾಲದ ಕಡುಬಿನ ಲಟ್ಟಣಿಗೆ ಎಂಬುದು ಗೊತ್ತಿದ್ದೂ, ಆ ಹೊತ್ತಿಗೆ ನನಗೆ ಕಿವಿಯಲ್ಲಿ ಟಿಣ್ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಅಂಟು ಅಂಚಿನಿಂದ ಹೊರಬಂದು ಲಟ್ಟಣಿಗೆಗೂ ಹತ್ತಿತು.

ಮಾರನೆಯ ದಿನ ಕಡುಬಿಗೆ ರಬ್ಬರಿನ ವಾಸನೆ. ಪೇಲಾನ್ ಒಂದನ್ನು ಕಚ್ಚಿದಳು, ಲಟ್ಟಣಿಗೆ ಮೂಸಿದಳು, ಮೂಲೆಯಲ್ಲಿದ್ದ ನನ್ನ ಹೊಸ ಬ್ಯಾಟು ಕೈಗೆತ್ತಿಕೊಂಡು ಕಿವಿಯ ಹತ್ತಿರ ಬಡಿದಳು. ನಾನು ಸಿಡಿಲಿಗೆ ಕಾದೆ. ಅವಳು ಮೆಲ್ಲಗೆ ನಕ್ಕುಬಿಟ್ಟಳು.

“ಲಾವ್ ಗೆಂಗ್, ಬಸ್ಸು ಹಿಡಿಯೋಕೂ ಓಡದ ಮನುಷ್ಯ ನೀನು. ನಿನಗ್ಯಾಕಯ್ಯಾ ಇಷ್ಟು ವೇಗ?” (ಲಾವ್ ಎಂದರೆ ಮುದುಕ. ನಮ್ಮಲ್ಲಿ ಗಂಡನನ್ನು ಹಾಗೆ ಕರೆಯುವುದು ಪ್ರೀತಿ ಎನ್ನುತ್ತಾರೆ. ಇರಬಹುದು.)

“ಭಾನುವಾರ ಗೊತ್ತಾಗುತ್ತೆ” ಎಂದೆ.

“ಆ ಹಲಗೆ ಸರಿಯಿಲ್ಲ ಅಂತಲ್ಲ, ಬಲು ಚೆನ್ನಾಗಿದೆ. ನನ್ನೆದುರಿಗೆ ಅದು ಬೇಡ ಅಷ್ಟೆ. ಮೆತ್ತಗಿನ ಮರದ್ದು ತಗೊಂಡು, ನಿಧಾನಕ್ಕೆ ಎತ್ತಿ ಹಾಕಿದ್ರೆ ನನಗೆ ಕಷ್ಟ ಆಗ್ತಿತ್ತು.”

ಶತ್ರು ಕೊಡುವ ಸಲಹೆ ಕೇಳಿ ಕೆಟ್ಟವರ ಕಥೆ ನಮ್ಮ ಇತಿಹಾಸದ ತುಂಬ ಇದೆ. ಹೆದರಿದ್ದಾಳೆ ಎಂದುಕೊಂಡೆ. ಮುಂದಿನ ದಿನಗಳಲ್ಲಿ ಮೋಡಗಳೆಲ್ಲ ನನಗೆ ಹೆಂಗ್‌ಯಾಂಗಿನ ಬೆಟ್ಟಗಳ ಹಾಗೆಯೇ ಕಂಡವು. ಒಂದು ದಿನ ವರದಿಯಲ್ಲಿ ‘ದಕ್ಷಿಣದಿಂದ ಬೆಚ್ಚಗಿನ ಗಾಳಿ’ ಎಂದು ಬರೆದುಬಿಟ್ಟೆ. ಹೊರಗೆ ಆಲಿಕಲ್ಲು ಬೀಳುತ್ತಿತ್ತು.

ಭಾನುವಾರ ಬಂತು. ಅಂಪೈರು ಕೆಳಮನೆಯ ಕುವಾಂಗ್ ಅಜ್ಜ, ನಿವೃತ್ತ ರೈಲ್ವೆ ಗಾರ್ಡ್, ಕೊರಳಲ್ಲಿ ಸೀಟಿ. ಮೊದಲ ಚೆಂಡು ನನ್ನ ಎದೆಯ ಮಟ್ಟಕ್ಕೆ ಬಂತು. ಬೀಸಿದೆ. ಟಿಣ್! ಆಹಾ, ಆ ನಾದವನ್ನು ಹೇಗೆ ಹೇಳಲಿ. ಪಕ್ಕದ ಮರದ ಮೇಲಿದ್ದ ಹಕ್ಕಿಗಳು ಹಾರಿದವು. ಚೆಂಡು ಎದುರಿನ ಟೇಬಲ್ಲನ್ನು ಮುಟ್ಟುವ ಗೊಡವೆಗೇ ಹೋಗದೆ ನೇರವಾಗಿ ಸೈಕಲ್ ಶೆಡ್ಡಿಗೆ ಹೋಯಿತು.

ಎರಡನೆಯದು ಟೇಬಲ್ಲಿನ ಮೇಲೇ ಬಿತ್ತು, ಮಿಂಚಿನಂತೆ. ಪೇಲಾನ್ ಬ್ಯಾಟು ಅಡ್ಡ ಹಿಡಿದಳು. ನಾನು ಕೊಟ್ಟ ವೇಗವೆಲ್ಲ ಉಲ್ಟಾ ಸುತ್ತಾಗಿ ಬಡ್ಡಿ ಸಮೇತ ವಾಪಸು ಬಂತು. ಹಿಂದೆಲ್ಲ ಬಲೆಯ ಮೇಲ್ಭಾಗಕ್ಕೆ ಬೀಳುತ್ತಿದ್ದ ನನ್ನ ಹೊಡೆತ ಈಗ ಬಲೆಯ ಬುಡಕ್ಕೆ ಬಿತ್ತು. ಎತ್ತಿ ಹೊಡೆದರೆ ಶೆಡ್ಡು, ಒತ್ತಿ ಹೊಡೆದರೆ ಬಲೆ. ಪೇಲಾನ್ ಒಂದು ಕೈಯಲ್ಲಿ ಆಡುತ್ತಲೇ, ಬೆಂಚಿನ ಮೇಲಿದ್ದ ಹೆಂಗಸಿಗೆ ಮೂಲಂಗಿ ಉಪ್ಪಿನಲ್ಲಿ ಹಾಕುವ ಕ್ರಮ ವಿವರಿಸುತ್ತಿದ್ದಳು. ಸೋಲುತ್ತಿದ್ದೇನೆಂದು ನನಗೆ ತಿಳಿಯುತ್ತಿತ್ತು. ಆದರೂ ಪ್ರತಿ ಟಿಣ್‌ಗೂ ಅರೆಕ್ಷಣ ನಾನು ಆ ದಕ್ಷಿಣದ ರೈಲಿನಲ್ಲಿ ಕೂತು ಬರುತ್ತಿದ್ದೆ.

ಮೊದಲ ಎರಡು ಆಟ ಹೋದವು. ಮೂರನೆಯದರಲ್ಲಿ ಹತ್ತು–ಸೊನ್ನೆ. ಬೀಜ ಕಡಿಯುವ ಸದ್ದು ನಿಂತಿತು. ನಮ್ಮಲ್ಲಿ ಎಂಥ ವೈರಿಯನ್ನೂ ಸೊನ್ನೆಗೆ ಸೋಲಿಸುವುದಿಲ್ಲ, ಹತ್ತಾದ ಮೇಲೆ ಮರ್ಯಾದೆಗೆಂದು ಒಂದು ಅಂಕ ಬಿಡುತ್ತಾರೆ. ಪೇಲಾನ್ ನನ್ನ ಮುಖ ನೋಡಿ, ಚೆಂಡನ್ನು ಮಗುವನ್ನು ಮಲಗಿಸಿದಷ್ಟು ಮೃದುವಾಗಿ ಬಲೆಗೆ ಹಾಕಿದಳು. ಕುವಾಂಗ್ ಅಜ್ಜ ಗಂಭೀರವಾಗಿ ಹತ್ತು–ಒಂದು ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಅದು ಇಡೀ ದಿನ ನನಗೆ ಸಿಕ್ಕ ಒಂದೇ ಚಪ್ಪಾಳೆ, ಅದಕ್ಕೆ ನನ್ನ ಬ್ಯಾಟು ಚೆಂಡನ್ನು ಮುಟ್ಟಿಯೂ ಇರಲಿಲ್ಲ. ಮುಂದಿನ ಚೆಂಡಿಗೆ ಹನ್ನೊಂದಾಗಿ ಎಲ್ಲ ಮುಗಿಯಿತು.

ಪೇಲಾನ್ ಟವೆಲ್ ಕೊಟ್ಟು, ಈ ಸಲ ಅಪ್ಪನಿಗೆ ಹೇಳಿ ನಿನ್ನ ಬಟ್ಟಲಿಗೆ ಅರ್ಧವೇ ಸುರಿಸುತ್ತೇನೆ ಎಂದಳು. ಅವಳು ಕನಿಕರ ತೋರಿಸಿದಾಗ ನನಗೆ ಇನ್ನೂ ದುಃಖವಾಯಿತು. ಶೆಡ್ಡಿನ ಹಿಂದೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಈ ಮಾತು ಹೇಳಿದರೆ ಆ ಜೀವ ಹೇಗೆ ತಡೆದೀತು ಎಂಬುದೇ ನನ್ನ ಚಿಂತೆ.

“ಅಮ್ಮ, ಸೋತುಬಿಟ್ಟೆ. ಈ ವರ್ಷವೂ ಜಿಲಿನ್‌ಗೇ.”

“ಗೊತ್ತು ಮಗಾ. ನಾನೂ ನಿಮ್ಮಪ್ಪನೂ ಅಲ್ಲಿಗೇ ಬರ್ತಿದೀವಿ. ಬೀಗಿತ್ತಿ ಎಷ್ಟು ವರ್ಷದಿಂದ ಕರೀತಿದಾರೆ ಪಾಪ.”

ಹಬ್ಬದ ಜನಜಂಗುಳಿಯಲ್ಲಿ ಈಗ ಟಿಕೆಟು ಎಲ್ಲಿ ಸಿಗುತ್ತದೆ ಎಂದೆ.

“ಈಗ ಎಲ್ಲಿ ಸಿಗುತ್ತೆ? ನೀನು ಆವತ್ತು ಅಂಗಡಿಯಿಂದ ಮಾತಾಡಿ ಫೋನ್ ಇಟ್ಯಲ್ಲ, ಆವಾಗ್ಲೇ ತೆಗೆಸಿದ್ದು. ಇಬ್ಬರಿಗೂ ಕಿಟಕಿ ಪಕ್ಕದ ಸೀಟು.”

“ಮತ್ತೆ... ವೇಗದ್ದೇ ತಗೋ ಅಂದ್ಯಲ್ಲಮ್ಮ?”

“ಇನ್ನೇನು ಅನ್ಲಿ? ಆ ಇನ್ನೊಂದು ತಗೊಂಡು ಅಪ್ಪಿತಪ್ಪಿ ನೀನು ಗೆದ್ದುಬಿಟ್ಟಿದ್ರೆ?” ಎಂದಳು ಅಮ್ಮ. “ನಾನು ಹುಟ್ಟಿದಾಗಿಂದ ಮೊಣಕಾಲುದ್ದದ ಹಿಮ ನೋಡಿಲ್ಲ ಕಣೋ.”