ಗೆಣ್ಣು ಹಿಸುಕುವ ಮಾವ

ಒಬ್ಬ ಮನುಷ್ಯ ಎದುರಿಗೆ ಬಂದರೆ ಚಳ್ಳಕೆರೆ ಪೇಟೆಯ ಅರ್ಧ ಜನ ಕೈಗಳನ್ನು ಜೇಬಿಗೆ ಸೇರಿಸಿಕೊಳ್ಳುತ್ತಿದ್ದರು ಎಂದರೆ ನೀವು ನಂಬಬೇಕು. ಅವನು ಕಳ್ಳನಲ್ಲ, ಕುಸ್ತಿಯವನೂ ಅಲ್ಲ. ನಮ್ಮ ಸೋದರಮಾವ! ನನ್ನನ್ನು ಸಾವಿನ ಹತ್ತಿರಕ್ಕೆ, ಸರಿಯಾಗಿ ಹೇಳಬೇಕೆಂದರೆ ಮೂರು ಮಾರು ಹತ್ತಿರಕ್ಕೆ, ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದ ಪುಣ್ಯಾತ್ಮನೂ ಅವನೇ. ಇವತ್ತಿಗೂ ಎಲ್ಲಾದರೂ ಥರ್ಮೋಕೋಲ್ ಕಿರ್ರೆಂದರೆ ನಾನು ಓಡಲು ದಾರಿ ಹುಡುಕುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮಾವ ಪೇಟೆಯಲ್ಲಿ ರಕ್ತಪರೀಕ್ಷೆಯ ಸಣ್ಣ ಲ್ಯಾಬ್ ಇಟ್ಟಿದ್ದ. ನಾನು ಅವನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ದೊಡ್ಡ ಊರಿನ ಒಬ್ಬ ಡಾಕ್ಟರು ರುಮಟಾಯ್ಡ್ ಸಂಧಿವಾತದ ಅಧ್ಯಯನ ಶುರು ಮಾಡಿದ್ದರು. ನೇಕಾರರ ರಕ್ತ ಸಂಗ್ರಹಿಸಿ ಕಳಿಸುವ ಕೆಲಸವನ್ನು ಮಾವನಿಗೆ ಒಪ್ಪಿಸಿದ್ದರು. ಅಷ್ಟೇ ನೋಡಿ, ಅವನಿಗೆ ಮನುಷ್ಯರು ಕಾಣುವುದೇ ನಿಂತುಹೋಯಿತು. ಬರೀ ಗೆಣ್ಣುಗಳು!

ನಮಸ್ಕಾರ ಅಂದರೆ ಕೈ ಹಿಡಿಯುವುದು, ಬೆರಳ ಬುಡದ ಗೆಣ್ಣುಗಳನ್ನು ಅಡ್ಡಡ್ಡಲಾಗಿ ಹಿಸುಕುವುದು, ಮುಖ ನೋಡುವುದು. "ಬೆಳಿಗ್ಗೆ ಎದ್ದಾಗ ಬೆರಳು ಎಷ್ಟೊತ್ತು ಬಿಗಿದಿರ್ತಾವ್ರಿ?" ಒಂದು ಮದುವೆಯಲ್ಲಿ ಗಂಡಿನ ಅಜ್ಜಿಯ ಕೈಯನ್ನು ಹೀಗೇ ಹಿಸುಕಿದ. ಮೊಳಕಾಲ್ಮೂರಿನ ಕಡೆಯ ಅಜ್ಜಿ, ತೆಲುಗಿನಲ್ಲೇ ಕಿರುಚಿದರು: "ನೊಪ್ಪಿ ನಾಯನಾ, ನೊಪ್ಪಿ!"

"ನೋವಾಯ್ತಾ? ಭಲೇ!" ಅಂದ ಮಾವ. ಅಜ್ಜಿಯ ಮಕ್ಕಳು ತೋಳೇರಿಸಿದರು. ನಾವು ಊಟ ಮಾಡದೆ ಹಿತ್ತಿಲಿನಿಂದ ಹೊರಟೆವು. ತಿಂಗಳು ಕಳೆಯುವಷ್ಟರಲ್ಲಿ ಅದೇ ಅಜ್ಜಿ ಅದೇ ಮಕ್ಕಳೊಂದಿಗೆ ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದರು!

"ಇದೇನು ಮಾವ, ಡಾಕ್ಟ್ರು ರಕ್ತದಲ್ಲಿ ಹುಡುಕ್ತಿರೋ ಈ ಆಟೋ ಆಂಟಿಬಾಡಿ?" ಎಂದು ಕೇಳಿದೆ.

"ಮನೆ ಕಾಯೋಕೆ ಅಂತ ನಾಯಿ ಸಾಕಿರ್ತೀವಿ. ಅದು ಕಳ್ಳನ್ನ ಬಿಟ್ಟು ಮನೆಯೋರ ಮೇಲೇ ತಿರುಗಿ ಬಿದ್ರೆ? ಅದೇ ಕಣಲೇ ಈ ರೋಗ. ಆದ್ರೆ ಕಚ್ಚೋಕೆ ಎಷ್ಟೋ ವರ್ಷ ಮೊದಲೇ ಬೊಗಳೋಕೆ ಶುರು ಮಾಡ್ತೈತೆ. ರಕ್ತದಾಗಿರೋ ಆಂಟಿಬಾಡಿ ಅಂದ್ರೆ ಆ ಬೊಗಳು. ಈಗ ಹೊಸ ಟೆಸ್ಟ್ ಬಂದೈತೆ, ದೂರದ ಬೊಗಳೂ ಕೇಳ್ತೈತೆ."

"ಬೊಗಳೋ ನಾಯಿ ಕಚ್ಚಲ್ಲ ಅಂತಾರಲ್ಲ?"

ಮಾವ ಉರಿದುಬಿದ್ದ. "ಆ ಗಾದೆ ಕಟ್ಟಿದೋನ ಗೆಣ್ಣು ನಾನು ನೋಡ್ಬೇಕಿತ್ತು!"

ನಗುತ್ತಿದ್ದ ನನಗೆ ನಗು ನಿಂತದ್ದು ಅವ್ವನ ಕೈ ನೋಡಿದಾಗ. ಅವ್ವ ಮೊಳಕಾಲ್ಮೂರಿನ ನಮ್ಮ ಮನೆಯಲ್ಲೇ ರೇಷ್ಮೆ ಸೀರೆ ನೇಯುತ್ತಿದ್ದಳು. ಬೆಳಿಗ್ಗೆ ಎದ್ದು ಬಿಸಿನೀರಿನ ಚೊಂಬನ್ನು ಎರಡೂ ಅಂಗೈಯಲ್ಲಿ ತಬ್ಬಿ ಕೂರುತ್ತಿದ್ದಳು. ಬೆರಳು ಸಡಿಲಾದ ಮೇಲೆಯೇ ಗುಂಡಿಮಗ್ಗಕ್ಕೆ ಇಳಿಯುವುದು. ಬೆರಳು ಹೋದರೆ ಮಗ್ಗ ಹೋಯಿತು. ಮಗ್ಗ ಹೋದರೆ? ಅದರಾಚೆ ಯೋಚಿಸಲು ನನಗೆ ಧೈರ್ಯವಿರಲಿಲ್ಲ.

ಮಾವ ತನ್ನ ಅಕ್ಕನ, ಅಂದರೆ ನಮ್ಮವ್ವನ, ರಕ್ತವನ್ನೂ ತೆಗೆದ. ಹೋಲಿಸಿ ನೋಡಲು ರೋಗವಿಲ್ಲದವರ ರಕ್ತವೂ ಬೇಕು, ಅದನ್ನು ಕೊಡುವವರು ಯಾರು? "ನನ್ನಂಥ ಆರೋಗ್ಯವಂತ ಈ ಜಿಲ್ಲೇಲೇ ಸಿಗಲ್ಲ" ಎಂದು ತನ್ನದನ್ನೂ ತೆಗೆದ.

ಕೊಳವೆಗಳ ಮೇಲೆ ಹೆಸರು ಬರೆಯುವಂತಿರಲಿಲ್ಲ. ರೋಗದ ಮನೆ ಅಂದರೆ ಹೆಣ್ಣು ಕೊಡುವವರು, ತರುವವರು ಹಿಂದೆ ಸರಿಯುತ್ತಾರೆಂಬ ಭಯ. ನಂಬರು ಬರೆದರೆ ಮಂಜುಗಡ್ಡೆಯ ನೀರಿಗೆ ಶಾಯಿ ನಿಲ್ಲದು. ನೇಕಾರರೇ ದಾರಿ ತೋರಿಸಿದರು: ಮನೆಗೊಂದು ಬಣ್ಣದ ರೇಷ್ಮೆ ಎಳೆ, ಆಳಿಗೆ ತಕ್ಕಂತೆ ಗಂಟು. ನಮ್ಮ ಮನೆಗೆ ಹಳದಿ. ಅವ್ವನಿಗೆ ಒಂದು ಗಂಟು. ಮಾವನೂ ಹಳದಿಯೇ ಬೇಕೆಂದು ಹಟ ಹಿಡಿದು ತನ್ನದಕ್ಕೆ ಎರಡು ಗಂಟು ಹಾಕಿಕೊಂಡ.

"ರೇಷ್ಮೆ ಗಂಟು ಜಾರ್ತೈತೋ. ಕೊಡಿಲ್ಲಿ, ನಾನು ಕಟ್ತೀನಿ" ಅಂದಳು ಅವ್ವ.

"ಬ್ಯಾಡಕ್ಕ. ನಿನ್ನ ಬೆರಳಿಗೆ ಇವತ್ತು ರಜಾ."

ಎಂಥ ಪ್ರೀತಿ! ಎಂಥ ತಪ್ಪು!

ಮೊಳಕಾಲ್ಮೂರಿನಿಂದ ಲ್ಯಾಬಿಗೆ ಸ್ಕೂಟರಿನಲ್ಲಿ ಹೊರಟೆವು, ಕೊಳವೆಗಳಿದ್ದ ಥರ್ಮೋಕೋಲ್ ಡಬ್ಬಿ ನನ್ನ ತೊಡೆಯ ಮೇಲೆ. ಮಂಜುಗಡ್ಡೆ ಕರಗುತ್ತಿದೆ ಎಂದು ಮಾವ ಹೆದ್ದಾರಿ ಬಿಟ್ಟು ವರವು ಕಾವಲಿನ ಅಡ್ಡದಾರಿ ಹಿಡಿದ. ನಡು ಹುಲ್ಲುಗಾವಲಿನಲ್ಲಿ ಸ್ಕೂಟರು ಕೆಮ್ಮಿ ನಿಂತಿತು. ಸುತ್ತ ಒಂದು ಮರವಿಲ್ಲ. ದೂರದಲ್ಲಿ ಅಮೃತ್ ಮಹಲ್ ದನಗಳು, ಆಕಾಶಕ್ಕೆ ಹಿಡಿದ ಭರ್ಜಿಗಳಂಥ ಕೊಂಬುಗಳು. ಹತ್ತಿರದಲ್ಲಿ, ಹುಲ್ಲಿನ ಮರೆಯಲ್ಲಿ, ಅದೇ ತಾನೇ ನಿಲ್ಲಲು ಕಲಿಯುತ್ತಿದ್ದ ಒಂದು ಎಳೆಗರು.

ಬೇರೆ ಯಾರಾದರೂ ಪ್ಲಗ್ ಬಿಚ್ಚಿ ಉಜ್ಜುತ್ತಿದ್ದರು. ಮಾವ ಕರುವಿನ ಮುಂದೆ ಕುಕ್ಕರಗಾಲಲ್ಲಿ ಕೂತ!

"ಲೇ, ಕೀಲು ನೋಡ್ಬಾರೋ! ಎಷ್ಟು ಚೆಂದ ಮಡಚ್ತೈತೆ!" ಎಂದವನೇ ಅದರ ಮೊಣಕಾಲು ಹಿಸುಕಿದ. ಕರು "ಅಂಬಾ" ಅಂದಿತು.

ನೆಲ ನಡುಗಿದ್ದು ನನಗೆ ಮೊದಲು ಅಂಗಾಲಿಗೆ ತಿಳಿಯಿತು. ತಿರುಗಿ ನೋಡಿದರೆ ತಾಯಿ. ತಲೆ ತಗ್ಗಿಸಿ, ಎರಡು ಕೊಂಬನ್ನೂ ಮುಂದೆ ಮಾಡಿ, ಸದ್ದಿಲ್ಲದೆ ಬರುತ್ತಿತ್ತು. ದನ ಕೂಗುತ್ತಾ ಬಂದರೆ ಅಷ್ಟು ಭಯವಾಗುವುದಿಲ್ಲ, ಸ್ವಾಮಿ. ಆ ಮೌನ ಇನ್ನೂ ನನ್ನ ಕನಸಿಗೆ ಬರುತ್ತದೆ.

"ಡಬ್ಬಿ ಹಿಡ್ಕೊಂಡು ಓಡಲೇ! ನಿಮ್ಮವ್ವನ ರಕ್ತ ಐತೆ ಅದ್ರಾಗೆ!"

ಓಡಿದೆ. ಎದೆಗವಚಿದ ಡಬ್ಬಿ ಹೆಜ್ಜೆಹೆಜ್ಜೆಗೂ ಕಿರ್, ಕಿರ್ ಅನ್ನುತ್ತಿತ್ತು. ಆಕಳು ಆ ಸದ್ದಿಗೇ ತಿರುಗಿತು. ಮೂರು ಮಾರು ದೂರ, ಅದರ ಉಸಿರು ಕೇಳಿಸುತ್ತಿತ್ತು. ಅಷ್ಟರಲ್ಲಿ ಮಾವ ನಡುವೆ ಬಂದು ಟವೆಲು ಬೀಸುತ್ತಾ ನಿಂತ. ಕೊಂಬಿನ ತುದಿ ಅವನ ಅಂಗಿಯನ್ನು ಬಗಲಿಂದ ಸೊಂಟದವರೆಗೆ ಸೀಳಿದ್ದನ್ನು ನಾನು ಕಂಡೆ. ಕಂಡವನೇ ಎಡವಿ, ಡಬ್ಬಿ ಸಮೇತ ಕೊರಕಲಿಗೆ ಬಿದ್ದೆ.

ಆಮೇಲೆ ಎಲ್ಲಿಂದಲೋ ಉದ್ದನೆಯ ಒಂದು ಕೂಗು. ದನ ಕಾಯುವವನು ಓಡಿ ಬರುತ್ತಿದ್ದ. ಆಕಳು ಅವನ ದನಿ ಕೇಳಿ ನಿಂತಿತು, ಕರುವನ್ನು ಮೂಸಿತು, ಏನೂ ಆಗದಂತೆ ನೆಕ್ಕತೊಡಗಿತು.

"ನಿಮ್ಗೇನು ಜೀವ ಬ್ಯಾಡಾಗೈತಾ? ಹಸುಗೂಸು ಮುಟ್ಟಿದ್ರೆ ತಾಯಿ ಬಿಡ್ತಾಳೇನ್ರಿ?" ಎಂದು ಬೈಯುತ್ತಾ ಅವನು ನೆಲಕ್ಕುರುಳಿದ್ದ ಮಾವನನ್ನು ಕೈಹಿಡಿದು ಎಬ್ಬಿಸಿದ. ಸೀಳಿದ್ದು ಅಂಗಿ ಮಾತ್ರ. ಮಾವ ಎದ್ದು ನಿಂತ, ಆ ಕೈ ಬಿಡಲಿಲ್ಲ. ಹಿಸುಕಿದ! "ಬೆಳಿಗ್ಗೆ ಎದ್ದಾಗ ಎಷ್ಟೊತ್ತು..."

ಡಬ್ಬಿಯಲ್ಲಿ ಕೆಲವು ಕೊಳವೆ ಒಡೆದಿದ್ದವು. ಹಳದಿಯವು ಎರಡರಲ್ಲಿ ಒಂದು ಚೂರಾಗಿತ್ತು, ಅದರ ದಾರ ಚೂರುಗಳಲ್ಲಿ ಸಿಕ್ಕು ಸಿಕ್ಕು. ಉಳಿದುದರ ದಾರದಲ್ಲಿ ಒಂದು ಗಂಟು, ಪಕ್ಕದಲ್ಲಿ ಒಂದು ಸುಕ್ಕು. ಅಲ್ಲಿ ಇನ್ನೊಂದು ಗಂಟಿದ್ದು ಜಾರಿತ್ತೋ, ಇರಲೇ ಇಲ್ಲವೋ? ಮಾವ ಭೂತಗನ್ನಡಿ ಹಿಡಿದು ನೋಡಿದ. ಹೇಳಲಾಗಲಿಲ್ಲ.

"ಯಾರದಾದ್ರೂ ಇರ್ಲಿ, ಕಳಿಸ್ತೀನಿ" ಅಂದ. ವರದಿ ಬಂತು. ಆ ಕೊಳವೆಯ ನಾಯಿ ಜೋರಾಗಿ ಬೊಗಳುತ್ತಿತ್ತು.

ಆಕಳಿಗೆ ಹೆದರಿದ್ದು ಒಂದು ಗಳಿಗೆ. ಈ ಭಯ ಹಗಲೆಲ್ಲ ಜೊತೆಗೇ ಕೂತಿತು. ಡಾಕ್ಟರು ಅವ್ವನ ಕೈ ಪರೀಕ್ಷೆ ಮಾಡಿದರು, ಇಬ್ಬರ ರಕ್ತವನ್ನೂ ಮತ್ತೆ ತೆಗೆಯಬೇಕಾಯಿತು. ಈ ಸಲ ಅವ್ವ ದಾರ ಕಿತ್ತುಕೊಂಡಳು. ಬಿಗಿದ ಬೆರಳುಗಳಿಂದಲೇ ಮೂರೂ ಗಂಟು ಹಾಕಿ ಹಲ್ಲಿನಿಂದ ಎಳೆದು ನೋಡಿದಳು. ಮಾವ ಅವತ್ತು ಯಾರ ಕೈಯನ್ನೂ ಹಿಸುಕಲಿಲ್ಲ.

ಎರಡನೇ ವರದಿ ಹಿಡಿದು ಅವನು ಮೊಳಕಾಲ್ಮೂರಿಗೆ ಬಂದಾಗ ಅವ್ವ ಮಗ್ಗದಲ್ಲಿದ್ದಳು.

"ಅಕ್ಕಾ, ನಿಂದಲ್ಲ! ನಿಂದರಾಗೆ ಏನೂ ಇಲ್ಲ! ಕೈ ಪರೀಕ್ಷೆ ಮಾಡಿದ್ರಲ್ಲ ಡಾಕ್ಟ್ರು, ಅವ್ರೂ ಅದನ್ನೇ ಅಂದ್ರು. ಮಗ್ಗದ ಸವೆತ ಅಷ್ಟೇ!" ಅಂಗಳದಲ್ಲಿ ಮಾವ ಕುಣಿದೇಬಿಟ್ಟ. ನಾನೂ ಕುಣಿದೆ.

ಅವ್ವ ಕುಣಿಯಲಿಲ್ಲ. ಲಾಳಿ ಕೆಳಗಿಟ್ಟು ಮಗ್ಗದ ಗುಂಡಿಯಿಂದ ಮೇಲೆ ಬಂದಳು. ಎರಡು ಹಳದಿ ಕೊಳವೆಗಳಲ್ಲಿ ತನ್ನದು ಅಲ್ಲವೆಂದರೆ ಇನ್ನು ಯಾರದು ಎಂದು ಲೆಕ್ಕ ಹಾಕಲು ಅವಳಿಗೆ ಬಿ.ಎಸ್ಸಿ. ಬೇಕಿರಲಿಲ್ಲ. ತಮ್ಮನ ಬಲಗೈ ತೆಗೆದುಕೊಂಡಳು. ಅವನು ಊರಿಗೆಲ್ಲ ಮಾಡುತ್ತಿದ್ದ ಹಾಗೆಯೇ, ಬೆರಳ ಬುಡದ ಗೆಣ್ಣುಗಳನ್ನು ಅಡ್ಡಡ್ಡಲಾಗಿ, ಮೆಲ್ಲಗೆ ಹಿಸುಕಿದಳು.

"ನೋವೈತೇನೋ?"

"ಇಲ್ಲಕ್ಕ. ಇನ್ನೂ ಇಲ್ಲ."

ಅವ್ವ ಆ ಕೈಯನ್ನು ತನ್ನ ಎರಡೂ ಅಂಗೈಯಲ್ಲಿ ತಬ್ಬಿದಳು. "ಬಿಡೋ" ಅಂದಳು. "ಬೊಗಳೋ ನಾಯಿ ಕಚ್ಚಲ್ಲ."

ನಾನು ಮಾವ ಉರಿದುಬೀಳುವುದನ್ನೇ ಕಾಯುತ್ತಾ ನಿಂತೆ.

"ಹೂನಕ್ಕ, ಕಚ್ಚಲ್ಲ" ಅಂದ ಮಾವ. ಕೈಯನ್ನು ಬಿಡಿಸಿಕೊಳ್ಳಲಿಲ್ಲ.